ಗುಂಡಿನ ಬೇಳೆ, ಹೊಲಿಗೆಯ ಬೇಳೆ

ನಮ್ಮ ಮನೆಯ ಒಳಗೋಡೆಯಲ್ಲಿ, ಬಾಗಿಲು ತೆರೆದರೆ ಮರೆಯಾಗುವ ಜಾಗದಲ್ಲಿ, ಜಾಲಿಮರದ ಒಂದು ಗೂಟ ಇತ್ತು. ಮುಂಗೈಯಷ್ಟು ದಪ್ಪ, ತುದಿ ತುಸು ಮೇಲಕ್ಕೆ ಬಾಗಿದ್ದು. ಅದಕ್ಕೆ ನನ್ನ ಅಪ್ಪನ ಹವಾ ಬಂದೂಕು ತೂಗುಹಾಕಿರುತ್ತಿತ್ತು. ಈಗ ನನ್ನ ಟ್ರಂಕಿನಲ್ಲಿ ಹಳೆಯ ಸೀರೆಗಳ ಕೆಳಗೆ ಸಿಕ್ಕಿತೆಂದು ನೀವು ಹೊರಗೆ ತೆಗೆದು, ಇದು ಯಾರದು ಆಯಿ, ನಿನಗ್ಯಾಕೆ ಬಂದೂಕು ಎಂದು ನಕ್ಕಿರಲ್ಲ, ಅದೇ. ಆ ದಿನ ನಿಮ್ಮೆಲ್ಲರ ಎದುರು ನನಗೆ ಮಾತು ಹೊರಡಲಿಲ್ಲ. ನಾಲ್ಕು ಜನ ಒಮ್ಮೆಲೇ ನನ್ನ ಮುಖ ನೋಡಿದರೆ ಈಗಲೂ ನನಗೆ ಸೆರಗು ಎಳೆದುಕೊಳ್ಳುವ ಹಾಗೆ ಆಗುತ್ತದೆ. ಅದಕ್ಕೆ ಬರೆದು ಇಡುತ್ತಿದ್ದೇನೆ.

ನಮ್ಮದು ಎರಡು ಖಣದ, ಎಂದರೆ ಎರಡು ಕೋಣೆಯ ಮನೆ. ಕೆಂಪು ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಊರು ಸಾಯಗಾಂವದ ಕಡೆಗೆ ಹೋಗುವ ರಸ್ತೆಯಲ್ಲಿ; ಭಾಲ್ಕಿಗೆ ಸೈಕಲ್ ತುಳಿದರೆ ಒಂದು ತಾಸು. ಹೊರಗಿನ ಖಣದಲ್ಲಿ ಒಲೆ, ನೀರಿನ ಕೊಡಗಳು, ಮೂಲೆಯಲ್ಲಿ ಬೀಸುವ ಕಲ್ಲು. ಒಳಗಿನ ಖಣದಲ್ಲಿ ಜೋಳದ ಕಣಜ, ಅದರ ಮೇಲಿನ ಗೋಡೆಗೆ ಬುದ್ಧನ ಚಿತ್ರ. ಚಿತ್ರದ ಗಾಜು ಒಂದು ಮೂಲೆಯಲ್ಲಿ ಸೀಳಿತ್ತು, ಅವ್ವ ಅಲ್ಲಿಗೆ ಕಾಗದದ ಹೂವು ಸಿಕ್ಕಿಸಿ ಮುಚ್ಚಿದ್ದಳು. ಮನೆಯಲ್ಲಿ ನಾಲ್ಕೇ ಜನ. ಅಪ್ಪ, ಅವ್ವ, ನಾನು, ಅಪ್ಪನ ತಾಯಿ. ನೀವು ನನ್ನನ್ನು ಕರೆಯುವಂತೆ ನಾನೂ ಅವಳನ್ನು ಆಯಿ ಎಂದೇ ಕರೆಯುತ್ತಿದ್ದೆ. ಆಯಿಯ ಕೌದಿ ಬಾಗಿಲ ಪಕ್ಕದಲ್ಲೇ ಇರುತ್ತಿತ್ತು. ಬಂದವರು ಹೋದವರು ಎಲ್ಲರೂ ಅವಳ ಬಾಯಿ ದಾಟಿಯೇ ಒಳಗೆ ಬರಬೇಕಾಗಿತ್ತು.

ಆ ಗೂಟದಲ್ಲಿ ಬಂದೂಕಿಗಿಂತ ಮೊದಲು ಒಂದು ಹಗ್ಗ ಇತ್ತಂತೆ. ನಾನು ನೋಡಿಲ್ಲ, ಆಯಿ ಹೇಳಿದ್ದು. ಊರಿನಲ್ಲಿ ಯಾರದೇ ದನ ಸಾಯಲಿ, ಅದನ್ನು ಎಳೆದು ಊರ ಹೊರಗೆ ಹಾಕುವುದು ನಮ್ಮ ಓಣಿಯವರ ಪಾಲಿಗೆ ಬಂದಿತ್ತು. ಕರೆ ಬಂದರೆ ಉಣ್ಣುವ ಗಂಗಾಳ ಬಿಟ್ಟು ಏಳಬೇಕು. ಕೂಲಿ ಇಲ್ಲ. ನಮ್ಮ ಓಣಿಯವರು ಬುದ್ಧನ ಧಮ್ಮ ತೆಗೆದುಕೊಂಡ ದಿನ ನನ್ನ ಅಜ್ಜ ಮನೆಗೆ ಬಂದವನೇ ಆ ಹಗ್ಗ ಇಳಿಸಿ ಒಲೆಗೆ ಹಾಕಿದ. ಸಣ್ಣ ಹಗ್ಗವಲ್ಲ, ಆ ದಿನದ ರೊಟ್ಟಿಯೆಲ್ಲ ಅದರ ಬೆಂಕಿಯಲ್ಲೇ ಬೆಂದವು ಎಂದು ಆಯಿ ಹೇಳುತ್ತಿದ್ದಳು. ಊರಿನವರು ಸಿಟ್ಟಾಗಿ ಒಂದು ಬೇಸಿಗೆ ಪೂರ್ತಿ ನಮ್ಮ ಓಣಿಗೆ ಅಂಗಡಿಯ ಉಪ್ಪು ಕೂಡ ಕೊಡಲಿಲ್ಲ. ಉಪ್ಪಿಗಾಗಿ ಭಾಲ್ಕಿಗೆ ನಡೆದು ಹೋಗಿ ಬಂದ ಕಥೆಯನ್ನು ಆಯಿ ಎಷ್ಟು ಸಲ ಹೇಳಿದ್ದಾಳೋ. ಅಜ್ಜ ಹೋದ ಮೇಲೂ ಗೂಟ ಖಾಲಿಯೇ ಇತ್ತು. ಅವ್ವ ಒಂದು ಸಲ ಅದಕ್ಕೆ ಮೊರ ನೇತುಹಾಕಿದ್ದಕ್ಕೆ ಆಯಿ ಇಳಿಸಿಟ್ಟಳಂತೆ. ಅಲ್ಲಿ ಏನೂ ಇರದಿರುವುದೇ ಅವಳಿಗೆ ಬೇಕಾಗಿತ್ತು.

ಅಪ್ಪನ ಹೆಸರು ಮಾಣಿಕಪ್ಪ. ಭಾಲ್ಕಿಯ ಸ್ಟೇಶನ್ ರಸ್ತೆಯಲ್ಲಿ ಕರೀಮ್ ಚಾಚಾ ಎಂಬವರ ಸೈಕಲ್ ಅಂಗಡಿಯಲ್ಲಿ ಅವನು ಮಿಸ್ತ್ರಿ. ಪಂಕ್ಚರ್, ಚೈನು, ಬ್ರೇಕು ಎಲ್ಲ ಅವನ ಕೈಯಲ್ಲೇ. ಒಂದು ದಿನ ಬೀದರದಿಂದ ಒಬ್ಬರು ಕೈಕೊಟ್ಟ ಹವಾ ಬಂದೂಕೊಂದನ್ನು ಚಾಚಾನ ಅಂಗಡಿಯಲ್ಲಿ ಬಿಟ್ಟು ಹೋದರು. ಸೈಕಲ್ ಪಂಪಿನಂತೆ ಅದರೊಳಗೂ ಗಾಳಿ ಒತ್ತುವ ಒಂದು ಚರ್ಮದ ವಾಶರ್ ಇರುತ್ತದೆ. ಅದು ಒಣಗಿ ಪುಡಿಯಾಗಿತ್ತು. ಅಪ್ಪ ಹಳೆಯ ಚಪ್ಪಲಿಯ ಚರ್ಮ ಕತ್ತರಿಸಿ, ಎಣ್ಣೆಯಲ್ಲಿ ಎರಡು ದಿನ ನೆನೆಸಿ, ಹೊಸದು ಮಾಡಿ ಕೂಡಿಸಿದ. ಬಂದೂಕು ಸರಿಹೋಯಿತು, ಬಿಟ್ಟವರು ತಿರುಗಿ ಬರಲಿಲ್ಲ. ಅಪ್ಪ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಎರಡು ಸಲ ಬೀದರಕ್ಕೆ ಬಸ್ಸಿನಲ್ಲಿ ಹೋದ. ಎರಡನೆಯ ಸಲ ಪಕ್ಕದ ಮನೆಯವರು, ಅವರು ಮನೆ ಮಾರಿ ಹೈದರಾಬಾದಿಗೆ ಹೋದರು, ಇನ್ನು ಬರುವುದಿಲ್ಲ ಎಂದರಂತೆ. ವರ್ಷ ಕಳೆದ ಮೇಲೆ ಚಾಚಾ, ಹೊಸ ಜೀವ ಹಾಕಿದವನು ನೀನು, ನೀನೇ ಇಟ್ಟುಕೋ ಎಂದು ಕೊಟ್ಟುಬಿಟ್ಟ.

ಅಪ್ಪ ಅದನ್ನು ಮನೆಗೆ ತಂದು, ಯಾರನ್ನೂ ಕೇಳದೆ, ಆ ಖಾಲಿ ಗೂಟಕ್ಕೆ ತೂಗುಹಾಕಿದ. ಆಯಿ ಕೌದಿಯ ಮೇಲೆ ಎದ್ದು ಕೂತು ಬಹಳ ಹೊತ್ತು ನೋಡಿದಳು. ಇಳಿಸು ಎನ್ನುತ್ತಾಳೆಂದು ನಾನು ಕಾದೆ. ಅವಳು ಅನ್ನಲಿಲ್ಲ. ನಿಮ್ಮಪ್ಪ ಇದ್ದಿದ್ದರೆ ಬೀಡಿ ಹಚ್ಚಿಕೊಂಡು ಇದನ್ನೇ ನೋಡುತ್ತ ಕೂಡುತ್ತಿದ್ದ ಎಂದಷ್ಟೇ ಅಪ್ಪನಿಗೆ ಹೇಳಿ ಮತ್ತೆ ಮಲಗಿದಳು.

ಬಂದೂಕಿನ ಸ್ಪ್ರಿಂಗಿಗೆ ಅಪ್ಪ ಶೇಂಗಾ ಎಣ್ಣೆ ಬಿಡುತ್ತಿದ್ದ. ನಳಿಗೆಯನ್ನು ನಡುವಿನಲ್ಲಿ ಬಾಗಿಸಿ, ಜೋಳದ ಕಾಳಿನಷ್ಟು ದೊಡ್ಡ ಸೀಸದ ಗುಂಡು ಇಟ್ಟು ಹೊಡೆದರೆ, ಟಪ್ ಎಂಬ ಸದ್ದಿನ ಹಿಂದೆಯೇ ನಳಿಗೆಯ ಬಾಯಿಂದ ಸಣ್ಣ ಹೊಗೆ ಬರುತ್ತಿತ್ತು. ಆ ಹೊಗೆಗೆ ಭಜಿ ಕರಿದ ವಾಸನೆ. ಅಪ್ಪ ಹಿತ್ತಲಲ್ಲಿ ಗುರಿ ನೋಡುತ್ತಿದ್ದರೆ ಪಕ್ಕದ ಮನೆಯ ಮಕ್ಕಳು ಓಡಿ ಬಂದು ನಿಮ್ಮ ಮನೆಯಲ್ಲಿ ಭಜಿ ಮಾಡಿದ್ದಾರಾ ಎಂದು ಕೇಳುತ್ತಿದ್ದರು. ನನ್ನ ತಲೆಗೆ ಹಚ್ಚುವ ಎಣ್ಣೆ ಬಂದೂಕಿನ ಹೊಟ್ಟೆಗೆ ಹೋಗುತ್ತದೆ ಎಂದು ಅವ್ವನ ತಕರಾರು. ನನಗೂ ಆ ವಾಸನೆ ಬಂದರೆ ಹಸಿವಾಗುತ್ತಿತ್ತು, ಈಗಲೂ ಎಲ್ಲಾದರೂ ಭಜಿ ಕರಿಯುವಾಗ ನನಗೆ ಮೊದಲು ನೆನಪಾಗುವುದು ಆ ಗೂಟ.

ಆಮೇಲೆ ಮಳೆ ಹೋಯಿತು. ಒಂದು ವರ್ಷವಲ್ಲ, ಸಾಲಾಗಿ. ಸರಕಾರದ ಕೆಂಪು ಜೋಳ ಬಂತು. ಅದರ ರೊಟ್ಟಿ ತಟ್ಟಿದರೆ ಅಂಚು ಸೀಳುತ್ತಿತ್ತು, ತಿಂದರೆ ಗಂಟಲಿಗೆ ಹತ್ತುತ್ತಿತ್ತು. ಓಣಿಯಲ್ಲಿ ಒಂದೊಂದೇ ಬಾಗಿಲಿಗೆ ಬೀಗ ಬಿದ್ದವು. ಬೀಗ ಇಲ್ಲದವರು ಚಿಲಕಕ್ಕೆ ಹಗ್ಗ ಕಟ್ಟಿ ಹೋದರು. ಪುಣೆಗೆ, ಮುಂಬೈಗೆ, ಹೈದರಾಬಾದಿಗೆ. ನನ್ನ ಸಾಲಿಯಲ್ಲಿ ಹಾಜರಿ ಕೂಗುವಾಗ ಗುರುಗಳು ನಾಲ್ಕು ಹೆಸರು ಕೂಗಿದರೆ ಒಂದಕ್ಕೆ ಜವಾಬು ಬರುತ್ತಿತ್ತು. ಔರಾದದಿಂದ ಅವ್ವನ ಅಣ್ಣ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಪುಣೆಗೆ ಹೊರಟವನು ದಾರಿಯಲ್ಲಿ ನಮ್ಮಲ್ಲಿ ಒಂದು ದಿನ ಇಳಿದ. ಅಲ್ಲಿ ಮನೆ ಕಟ್ಟುವ ಕೆಲಸ ಬೇಕಾದಷ್ಟಿದೆ, ಪೋರಿಯೂ ಇಟ್ಟಿಗೆ ಹೊರಬಹುದು, ಬಂದುಬಿಡಿ ಎಂದು ಅಪ್ಪನಿಗೆ ಹೇಳಿದ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಪೋರಿ ಎಂದರೆ ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಪ್ಪ, ನೋಡೋಣ ಎಂದ. ಸೈಕಲ್ ಅಂಗಡಿಯಲ್ಲಿ ಕೆಲಸ ಇರಲಿಲ್ಲ. ಜನ ಸೈಕಲ್ ಮಾರಿ ಊರು ಬಿಡುತ್ತಿದ್ದರು. ಇನ್ನೊಂದು ಕೆಲಸ ಸಿಗದಿದ್ದರೆ ನಾವೂ ಹೋಗುವುದೇ. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು.

ಊರು ಬಿಟ್ಟದ್ದು ಮನುಷ್ಯರಷ್ಟೇ ಅಲ್ಲ. ಹೊಲದಲ್ಲಿ ತೆನೆ ಇಲ್ಲದೆ ಇಲಿ, ಹೆಗ್ಗಣಗಳೂ ಭಾಲ್ಕಿಯ ಬೇಳೆ ಮಿಲ್ಲುಗಳಿಗೆ ಬಂದು ಸೇರಿದ್ದವು. ಒಬ್ಬ ಸಾವಕಾರರ ಮಿಲ್ಲಿನಲ್ಲಿ ಹೊರಗಿನಿಂದ ತರಿಸಿದ ತೊಗರಿಯ ಚೀಲಗಳು ಅಟ್ಟದವರೆಗೆ ಒಟ್ಟಿದ್ದವು, ಕೆಳಗಿನ ಸಾಲಿನ ಚೀಲಗಳೆಲ್ಲ ತೂತು. ಬೆಕ್ಕು ಸಾಕಿ ನೋಡಿದರು. ಹೆಗ್ಗಣ ಕಂಡರೆ ಬೆಕ್ಕೇ ಓಡುತ್ತಿತ್ತು. ಅಪ್ಪ ಬಂದೂಕು ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಹೋದ. ಇದು ಮಕ್ಕಳ ಆಟಿಕೆ ಅಲ್ಲವೇನೋ ಮಾಣಿಕ್ಯಾ ಎಂದು ಸಾವಕಾರ ನಕ್ಕನಂತೆ. ಅಪ್ಪ ಹೋಗಿ ಚೀಲಗಳ ನಡುವೆ ಕೂತ. ಸಾವಕಾರ ಚಹ ಕುಡಿದು, ಎರಡು ಗಿರಾಕಿ ಕಳಿಸಿ, ಇವನನ್ನು ಮರೆತೇಬಿಟ್ಟಿದ್ದಾಗ ಟಪ್ ಎಂದಿತು. ತೊಲೆಯ ಮೇಲಿಂದ ಹೆಗ್ಗಣವೊಂದು ತಕ್ಕಡಿಯ ಪಕ್ಕ ಬಂದು ಬಿತ್ತು. ಕೆಲಸ ಸಿಕ್ಕಿತು.

ಅಪ್ಪ ಕರಾರು ಮಾಡಿಕೊಂಡ ರೀತಿ ಆಯಿ ಆಮೇಲೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅಂಗಡಿ ಮುಗಿಸಿ ಹೊತ್ತು ಮುಳುಗುವ ಮುಂಚೆ ಒಂದು ತಾಸು ಬರುತ್ತೇನೆ. ಕೂಲಿ ರೊಕ್ಕದಲ್ಲಿ ಬೇಡ, ಬೇಳೆ ಕೊಡಿ. ಒಡೆದ ಬೇಳೆಯಾದರೂ ನಡೆಯುತ್ತದೆ. ಪಾರಿವಾಳ ಹೊಡೆಯುವುದಿಲ್ಲ, ಚಪ್ಪಾಳೆ ತಟ್ಟಿ ಓಡಿಸುತ್ತೇನೆ. ನನ್ನ ಗುಂಡು ಚೀಲಕ್ಕೆ ತಾಗಿದರೆ ನಾನೇ ಹೊಲಿದು ಕೊಡುತ್ತೇನೆ. ಅದಕ್ಕೆಂದು ಅವನ ಕಿಸೆಯಲ್ಲಿ ಯಾವಾಗಲೂ ಒಂದು ದಬ್ಬಣ, ಒಂದು ಉಂಡೆ ಸುತಳಿ ಇರುತ್ತಿದ್ದವು. ಕೊನೆಯದಾಗಿ, ನಾನು ಹೊಡೆಯುತ್ತೇನೆ, ಸತ್ತದ್ದನ್ನು ಎತ್ತುವುದಿಲ್ಲ. ಅದನ್ನು ನಿಮ್ಮ ಹಮಾಲ ಎತ್ತಿ ಹಾಕಲಿ. ಸಾವಕಾರ, ಅದರಲ್ಲೇನು, ಆಗಲಿ ಎಂದ. ಅದರಲ್ಲಿ ಏನಿದೆ ಎಂದು ಅವನಿಗೆ ತಿಳಿದಿರಲಿಲ್ಲ. ನಮ್ಮ ಮನೆಯ ಗೂಟಕ್ಕೆ ತಿಳಿದಿತ್ತು.

ಹೀಗೆ ಶನಿವಾರಕ್ಕೊಮ್ಮೆ ಮನೆಗೆ ಬೇಳೆ ಬರತೊಡಗಿತು. ಕೆಂಪು ಜೋಳದ ರೊಟ್ಟಿಯೂ ಬೇಳೆಯಲ್ಲಿ ಅದ್ದಿದರೆ ಇಳಿಯುತ್ತಿತ್ತು. ಆದರೆ ಮೊದಲ ಚೀಲ ಬಂದ ದಿನವೇ ಜಗಳವಾಯಿತು. ಭಾನುವಾರ ಸಂಜೆ ಓಣಿಯಲ್ಲಿ ಉಳಿದವರೆಲ್ಲ ಬೇವಿನ ಕಟ್ಟೆಯ ಮುಂದೆ ಕೂತು ಬುದ್ಧನ ವಂದನೆ ಹೇಳುತ್ತಿದ್ದೆವು. ಜೀವ ತೆಗೆಯುವುದಿಲ್ಲ ಎನ್ನುವುದು ಅದರಲ್ಲಿ ಮೊದಲ ಮಾತು. ಅವ್ವನಿಗೆ ಓದು ಬಾರದು, ಆದರೂ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವಳು ಅವಳೇ. ಬೇಳೆಯ ಚೀಲ ಮುಟ್ಟದೆ ಅಪ್ಪನನ್ನು ಕೇಳಿದಳು.

"ಐತವಾರ ಬಾಯಿಲೆ ಏನ್ ಅಂತೀರಿ, ಸೋಮವಾರ ಕೈಲೆ ಏನ್ ಮಾಡ್ತೀರಿ?"

"ಪೋರಿ ಹಸದು ಮಲಗಿದ್ರ ಅದು ಜೀವ ತೆಗದಂಗ ಅಲ್ಲೇನು?"

"ನಾ ನಿಮಗ ಬ್ಯಾಡ ಅನ್ನಂಗಿಲ್ಲ ರಿ. ನನ್ನ ಮಾತು ನಾ ನಡೆಸ್ತೇನಿ, ಅಷ್ಟೇ."

ಆಯಿ ಕೌದಿಯ ಮೇಲಿಂದಲೇ, ನೀವಿಬ್ಬರೂ ತಲೆ ಬೋಳಿಸಿಕೊಂಡು ಭಿಕ್ಕು ಆಗಿರಿ, ನಾನೂ ಪೋರಿಯೂ ಬೇಳೆ ಉಂಡು ನಿಮ್ಮ ಹೆಸರು ಹೇಳುತ್ತೇವೆ ಎಂದಳು. ಎಲ್ಲರೂ ನಕ್ಕರು, ಅವ್ವನೂ. ಜಗಳ ಮುಗಿಯಿತೆಂದು ನಾನು ತಿಳಿದೆ. ಅವ್ವ ಬೇಳೆ ಬೇಯಿಸಿದಳು, ಒಗ್ಗರಣೆ ಹಾಕಿದಳು, ನಮಗೆಲ್ಲ ಬಡಿಸಿದಳು. ತಾನು ಮಾತ್ರ ರೊಟ್ಟಿಗೆ ಖಾರದಪುಡಿ ಹಚ್ಚಿಕೊಂಡು ನೀರು ಕುಡಿದಳು. ಬೇಳೆ ಉಂಡರೆ ಎದೆ ಉರಿಯುತ್ತದೆ ಎಂದಳು. ನಾನು ನಂಬಿದೆ. ಮುಂದಿನ ಶನಿವಾರವೂ ಎದೆ ಉರಿಯಿತು, ಅದರ ಮುಂದಿನದೂ. ಅವಳ ಕೈಬಳೆ ಮೊಳಕೈವರೆಗೆ ಜಾರುವಂತಾದಾಗ ನನಗೆ ತಿಳಿಯಿತು. ಅಪ್ಪನಿಗೆ ಮೊದಲ ದಿನವೇ ತಿಳಿದಿತ್ತು ಎಂದು ಈಗ ಅನ್ನಿಸುತ್ತದೆ. ಅವನು ಅವಳ ಗಂಗಾಳದ ಕಡೆ ನೋಡದೆ ಬೇಗ ಬೇಗ ಉಂಡು ಏಳುತ್ತಿದ್ದ. ಉಣ್ಣು ಎಂದು ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಮಾಡದಿದ್ದುದಕ್ಕೆ ಆಗ ನನಗೆ ಅಪ್ಪನ ಮೇಲೆ ಸಿಟ್ಟಿತ್ತು. ಅದು ಅವನು ಅವಳಿಗೆ ಕೊಟ್ಟ ಮರ್ಯಾದೆ ಎಂದು ತಿಳಿಯಲು ನಾನೂ ಒಬ್ಬರ ಹೆಂಡತಿಯಾಗಬೇಕಾಯಿತು.

ನೀರಿಲ್ಲದೆ ಸಾಲಿಗೆ ಕೆಲವು ದಿನ ಬೀಗ ಹಾಕಿದರು. ಒಂದು ಶನಿವಾರ ಅಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಭಾಲ್ಕಿಗೆ ಕರೆದೊಯ್ದ. ಹೊತ್ತು ಇಳಿಯುವವರೆಗೆ ಚಾಚಾನ ಅಂಗಡಿಯಲ್ಲಿ ಕೂತಿದ್ದೆ. ಆಮೇಲೆ ಮಿಲ್ಲು. ಅಪ್ಪ ಚೀಲಗಳ ಹಿಂದೆ ಹೋದ, ನನಗೆ ಬಾಗಿಲ ಬಳಿ ತಕ್ಕಡಿಯ ಹತ್ತಿರ ಸದ್ದಿಲ್ಲದೆ ಕೂಡಲು ಹೇಳಿದ. ಸದ್ದಿಲ್ಲದೆ ಕೂಡುವುದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಟಪ್ ಎಂದು ಕೇಳುತ್ತಿತ್ತು, ಭಜಿಯ ವಾಸನೆ ಬರುತ್ತಿತ್ತು, ಮತ್ತೆ ಬಹಳ ಹೊತ್ತು ಏನೂ ಇಲ್ಲ. ಸಾವಕಾರ ಗಾದಿಯ ಮೇಲಿಂದ ನನ್ನನ್ನು ನೋಡಿ ಒಂದು ತುಂಡು ಬೆಲ್ಲ ಕೊಟ್ಟ. ಕೆಟ್ಟ ಮನುಷ್ಯನಾಗಿರಲಿಲ್ಲ ಅವನು. ಬೆಲ್ಲ ಕೈಗೆ ತಾಗದಂತೆ ಮೇಲಿಂದ ಬಿಟ್ಟ, ಅಷ್ಟೇ. ಅವನ ಹಮಾಲ ಆ ವಾರವಷ್ಟೇ ಪುಣೆಗೆ ಹೋಗಿದ್ದನಂತೆ. ಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೆ ಸಾವಕಾರ ಹೇಳಿದ.

"ಮಗಾ, ನಿಮ್ಮಪ್ಪ ಒಳಗ ಹೊಡದು ಕೆಡವ್ಯಾನ. ಬಾಲ ಹಿಡದು ತಂದು ಹಿತ್ತಲ ತಿಪ್ಪಿಗಿ ಒಗದು ಬಾ. ಶ್ಯಾಣೇ ಪೋರಿ."

ಶ್ಯಾಣೇ, ಜಾಣೆ ಎಂದು ನನ್ನನ್ನು ಭಾಲ್ಕಿಯಂಥ ಊರಿನಲ್ಲಿ ಯಾರೂ ಕರೆದಿರಲಿಲ್ಲ. ಅಪ್ಪನಿಗೆ ಸಹಾಯ ಮಾಡುತ್ತಿದ್ದೇನೆ ಎಂಬ ಹಿಗ್ಗು ಬೇರೆ. ಒಳಗೆ ಹೋಗಿ ಒಂದು ಎತ್ತಿ ಒಗೆದು ಬಂದೆ. ಎರಡನೆಯ ಸಲ ಎರಡು ಕೈಯಲ್ಲಿ ಎರಡು ಹಿಡಿದು, ಬೆಲ್ಲ ಚೀಪುತ್ತ ಬರುತ್ತಿದ್ದಾಗ ಚೀಲಗಳ ಸಂದಿನಿಂದ ಅಪ್ಪ ಹೊರಬಂದ. ಅವನ ಮುಖ ನೋಡಿ ನನ್ನ ಬಾಯಿ ಚೀಪುವುದು ನಿಂತಿತು. ಅವನು ಬಯ್ಯಲಿಲ್ಲ. ಬಂದೂಕನ್ನು ಚೀಲಕ್ಕೆ ಒರಗಿಸಿ, ನನ್ನ ಎರಡು ಕೈಯಿಂದ ಆ ಎರಡನ್ನೂ ತೆಗೆದುಕೊಂಡ. ತಿರುಗಿ ಒಳಗೆ ಹೋಗಿ, ಒಂದನ್ನು ತೊಲೆಯ ಕೆಳಗೆ, ಇನ್ನೊಂದನ್ನು ಕಂಬದ ಬುಡದಲ್ಲಿ, ಅವು ಎಲ್ಲಿ ಬಿದ್ದಿದ್ದವೋ ಅಲ್ಲೇ ಇಟ್ಟುಬಂದ. ಯಾರದೋ ಸಾಮಾನು ತಪ್ಪಿ ತಂದದ್ದನ್ನು ಮರಳಿ ಇಡುವ ಹಾಗೆ. ಆಮೇಲೆ ಸಾವಕಾರನ ಮುಂದೆ ನಿಂತ.

"ಸಾವಕಾರ್ರ, ನಾ ಹೊಡ್ಯಾವ ರಿ. ಎತ್ತಾವ ಅಲ್ಲ. ಮೊದಲನೇ ದಿನಾನೇ ಹೇಳೇನಿ."

"ನಿನಗ ಎತ್ತು ಅಂತ ಯಾರು ಅಂದ್ರೋ? ಕೂಸು ಎತ್ತಿತು."

"ಕೂಸು ನಂದೇ ರಿ."

"ಈ ಬರದಾಗ ಇಷ್ಟು ಸೊಕ್ಕು ಬ್ಯಾಡ ಮಾಣಿಕ್ಯಾ. ಎತ್ತಾವ್ರು ನಿಮ್ಮ ಓಣ್ಯಾಗ ಬೇಕಾದಷ್ಟು ಮಂದಿ ಸಿಗ್ತಾರ."

"ಎತ್ತಾವ್ರು ಸಿಗಬಹುದು ರಿ. ಹೊಡ್ಯಾವ್ರನ್ನ ಹುಡುಕ್ರಿ. ಈ ವಾರದ ನನ್ನ ಬ್ಯಾಳಿ ಅಳದು ಕೊಡ್ರಿ, ಹೋಗ್ತೇನಿ."

ಸಾವಕಾರ ಅಳೆದು ಕೊಟ್ಟ. ಅಪ್ಪ ಬೇಳೆ ಬಿಟ್ಟು ಸಿಟ್ಟಿನಿಂದ ಹೋಗಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಚೀಲದ ಬಾಯಿ ಕಟ್ಟಿ, ಗಂಟು ಎರಡು ಸಲ ಎಳೆದು ನೋಡಿ, ಹ್ಯಾಂಡಲಿಗೆ ಹಾಕಿಕೊಂಡ. ತನ್ನ ಕೆಲಸದ ಕೂಲಿಯನ್ನು ಅವನು ಯಾವತ್ತೂ ನಾಚಿಕೆಯಿಂದ ತೆಗೆದುಕೊಂಡವನಲ್ಲ.

ಊರ ಹೊರಗೆ ಬಂದ ಮೇಲೆ ಸೈಕಲ್ ನಿಲ್ಲಿಸಿದ. ಪೆಟ್ಟು ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಅವನು ಕುಡಿಯುವ ನೀರಿನ ಬಾಟಲಿ ತೆಗೆದು, ಕೈ ಚಾಚು ಎಂದ. ಆ ದಿನಗಳಲ್ಲಿ ಅವ್ವ ಒಂದು ಕೊಡ ನೀರಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಬಾವಿಯ ಮುಂದೆ ಕೂಡುತ್ತಿದ್ದಳು. ಆ ನೀರನ್ನು ಅವನು ನನ್ನ ಎರಡೂ ಕೈಗೆ ಸುರಿದು, ಮಣ್ಣು ಹಚ್ಚಿ ತಿಕ್ಕಿ, ಮತ್ತೆ ಸುರಿದ. ಬಾಟಲಿ ಖಾಲಿಯಾಯಿತು. ನನಗೆ ಅಳು ಬಂತು.

"ಅಪ್ಪಾ, ಅವರು ನನಗ ಶ್ಯಾಣೇ ಅಂದ್ರು."

"ಶ್ಯಾಣೇನೇ ಅದಿ ನೀ. ಅದಕ್ಕ ಹೇಳ್ತೇನಿ, ಹಿಂಗ್ಯಾರರ ಅಂದಾಗ ಮುಂದ ಏನ್ ಮಾಡಸ್ತಾರ ನೋಡು."

ಇಷ್ಟೇ. ಸುಮಿ ಎಂದು ನನ್ನ ಹೆಸರು ಹಿಡಿದು ಕೂಡ ಕರೆಯಲಿಲ್ಲ, ಬೆನ್ನು ಸವರಲಿಲ್ಲ, ಸೈಕಲ್ ಹತ್ತಿದ. ಈ ಒಂದು ಮಾತು ನನ್ನನ್ನು ಎಷ್ಟು ಕಡೆ ಕಾಪಾಡಿದೆ ಎಂದು ಬರೆದರೆ ಇನ್ನೊಂದು ವಹಿ ಬೇಕು.

ಮನೆಯಲ್ಲಿ ಸಂಗತಿ ಹೇಳಿದಾಗ ಆಯಿ ಮೊದಲು ಬಯ್ದಳು. ನಾಲ್ಕು ಇಲಿ ಎತ್ತಿದ್ದರೆ ಕೈ ಕಳಚಿ ಬೀಳುತ್ತಿತ್ತೇ, ಇನ್ನು ಕೆಂಪು ಜೋಳ ಗಂಟಲಲ್ಲಿ ಹೇಗೆ ಇಳಿಯುತ್ತದೆ ಎಂದಳು. ಹಸಿವು ಅವಳಿಗೂ ಇತ್ತು. ಆಗ ಅವ್ವ, ಬೇಳೆ ಮುಟ್ಟದ ಅವ್ವ, ಒಲೆಯ ಮುಂದಿಂದ ತಿರುಗಿ ನೋಡದೆ, ಅತ್ತೀ, ಹಗ್ಗ ಸುಟ್ಟ ಬೆಂಕಿಯಲ್ಲಿ ರೊಟ್ಟಿ ಮಾಡಿದವರು ನೀವೇ ಎಂದಳು. ಆಯಿ ಎದ್ದು ಹೋಗಿ ಬಂದೂಕಿನ ಮೇಲಿನ ಧೂಳನ್ನು ತನ್ನ ಸೆರಗಿನಿಂದ ಒರೆಸಿದಳು. ಅದರ ಮೇಲೆ ಧೂಳು ಇರಲೇ ಇಲ್ಲ.

ಬೇಳೆ ಎಂಟು ದಿನಕ್ಕೆ ಮುಗಿಯಿತು. ಆಮೇಲೆ ಅಂಬಲಿ, ಅದೂ ತೆಳ್ಳಗೆ. ಔರಾದದ ಬೀಜದಂಗಡಿಯೊಂದರಲ್ಲಿ ಇಲಿ ಕಾಟ ಇದೆಯೆಂದು ಕೇಳಿ ಅಪ್ಪ ಹೋಗಿ ಬಂದ. ಅಂಗಡಿಯಲ್ಲಿ ಬೀಜವೇ ಇರಲಿಲ್ಲ, ಇಲಿ ಎಲ್ಲಿಂದ. ಪುಣೆಯಿಂದ ಮಾಮಾನ ಕಾಗದ ಬಂತು, ನಾನೇ ಓದಿ ಹೇಳಿದೆ. ಬರುವುದಾದರೆ ಈಗಲೇ ಬನ್ನಿ, ಜಾಗ ಹಿಡಿದಿದ್ದೇನೆ ಎಂದು ಬರೆಸಿದ್ದ. ಓದುವಾಗ ಒಂದು ಸಾಲು ಬಿಟ್ಟುಬಿಡಲೇ ಎಂದು ನನಗೆ ಆಸೆಯಾಗಿತ್ತು. ಬಿಡಲಿಲ್ಲ. ಸೋಮವಾರದ ರೈಲಿಗೆ ಹೋಗುವುದೆಂದು ಠರಾವಾಯಿತು. ಅವ್ವ ಕೌದಿಯಲ್ಲಿ ಬಟ್ಟೆಬರೆ ಹಾಕಿ ಗಂಟು ಕಟ್ಟುತ್ತಿದ್ದಳು; ಪಾತ್ರೆಗಳನ್ನು ಹೊರಡುವ ಹೊತ್ತಿಗೆಂದು ಹೊರಗೇ ಬಿಟ್ಟಿದ್ದಳು. ಸಾಲಿಯಲ್ಲಿ ಬರೆಯುವ ನನ್ನ ಪಾಟಿ ತೆಗೆದುಕೊಂಡು ಹೋಗಿ ಮುಂದೆ ಹಿಡಿದೆ. ಅಲ್ಲಿ ಪಾಟಿಗೆ ಏನು ಕೆಲಸ ಎಂದಳು. ನಾನು ಕಣಜದ ಹಿಂದೆ ಹೋಗಿ ಅತ್ತೆ. ತಿರುಗಿ ಬಂದಾಗ ಪಾಟಿ ಇಟ್ಟ ಜಾಗದಲ್ಲಿ ಇರಲಿಲ್ಲ. ಯಾರಿಗೋ ಕೊಟ್ಟಳೆಂದು ತಿಳಿದೆ.

ಭಾನುವಾರ ಮಧ್ಯಾಹ್ನ ಕರೀಮ್ ಚಾಚಾ ತಾನೇ ಸೈಕಲ್ ತುಳಿದುಕೊಂಡು ಬಂದ. ಬೆವರು ಒರೆಸಿಕೊಳ್ಳುತ್ತ ಹೊಸ್ತಿಲ ಮೇಲೆ ಕೂತು ಹೇಳಿದ. ಸಾವಕಾರ ಮಿಲ್ಲಿನಲ್ಲಿ ವಿಷದ ಉಂಡೆ ಇಡಿಸಿದ್ದನಂತೆ. ಇಲಿಗಳು ತಿಂದು, ಕೈಗೆ ಸಿಗದ ಹಾಗೆ ಚೀಲಗಳ ಒಟ್ಟಿಲಿನ ನಡುವೆ ಹೋಗಿ ಸತ್ತವು. ನಾತಕ್ಕೆ ಗಿರಾಕಿ ಬಾಗಿಲಿಗೆ ಬರುತ್ತಿಲ್ಲ, ಬೇಳೆಯಲ್ಲಿ ವಿಷ ಸೇರಿದ್ದರೆ ಎಂದು ಯಾರೂ ಕೊಳ್ಳುತ್ತಿಲ್ಲ. ಉಳಿದ ಇಲಿಗಳು ಉಂಡೆ ಬಿಟ್ಟು ಚೀಲಕ್ಕೇ ಬಾಯಿ ಹಾಕುತ್ತಿವೆ.

"ಮಾಣಿಕಪ್ಪಗ ಬರಾಕ್ ಹೇಳ್ರಿ ಅಂದಾನ. ಮಾಣಿಕಪ್ಪ ಅಂದಾನ ಭಾಯ್, ನನ್ನ ಕಿವೀಲೆ ಕೇಳೇನಿ. ಇನ್ನ ನಾಕು ದಿನ ಬಿಟ್ಟಿದ್ರ ಮಾಣಿಕಪ್ಪನವರು ಅಂತಿದ್ದ."

ಅಪ್ಪ ನಗಲಿಲ್ಲ. ನಾಳೆ ಬೆಳಿಗ್ಗೆ ಬಂದು ಮಾತಾಡುತ್ತೇನೆ, ನನ್ನದು ಎರಡು ಮಾತಿದೆ ಎಂದ. ಚಾಚಾ ಹೋದ ಮೇಲೆ ಆಯಿ, ಗಂಟು ಬಿಚ್ಚಬೇಕೋ ಬೇಡವೋ ಎಂದು ಕೇಳಿದಳು. ಅವ್ವ, ಅವರು ಮಿಲ್ಲಿಗೆ ಹೋಗಿ ಬರುವ ತನಕ ಇರಲಿ ಎಂದಳು. ರೈಲು ಸಂಜೆಗೆ. ಸೋಮವಾರ ಬೆಳಿಗ್ಗೆ ಅಪ್ಪ ಬಂದೂಕು ಹೆಗಲಿಗೆ ಹಾಕಿಕೊಂಡು ಹೋದ, ನಾವು ಮೂವರೂ ಕಟ್ಟಿದ ಗಂಟಿನ ಸುತ್ತ ಕೂತೆವು. ಆ ದಿನ ಒಲೆ ಹಚ್ಚಲಿಲ್ಲ. ಹೋಗುವ ಮನೆಗೆ ಬೂದಿ ಯಾಕೆ ಎಂದು ಅವ್ವ ಬೆಳಿಗ್ಗೆಯೇ ಒಲೆ ಬಳಿದು ಸಾರಿಸಿಬಿಟ್ಟಿದ್ದಳು. ನಾನು ಖಾಲಿ ಗೂಟವನ್ನೇ ನೋಡುತ್ತಿದ್ದೆ.

ಮಧ್ಯಾಹ್ನ ಕಳೆದು ನೆರಳು ಉದ್ದವಾದಾಗ ಸೈಕಲ್ಲಿನ ಸದ್ದು ಕೇಳಿತು. ಹ್ಯಾಂಡಲಿಗೆ ಎರಡು ಚೀಲ, ಎರಡೂ ವಿಷದ ಉಂಡೆ ತಾಗದ ಮೇಲಿನ ಸಾಲಿನಿಂದ ಅಳೆಸಿಕೊಂಡದ್ದು. ಒಂದು ಎಂದಿನದು, ವಾರದ ಮುಂಗಡ; ಇನ್ನೊಂದು ಅದರ ಕಾಲು ಭಾಗದಷ್ಟು, ಬಾಯಿಗೆ ಸುತಳಿ ಕಟ್ಟಿದ್ದು. ಅಪ್ಪ ಮೊದಲು ಬಂದೂಕನ್ನು ಗೂಟಕ್ಕೆ ಹಾಕಿದ. ಆಮೇಲೆ ಕೂತು ಹೇಳಿದ. ಸತ್ತದ್ದನ್ನು ನಾನೂ ಎತ್ತುವುದಿಲ್ಲ, ನನ್ನ ಕೂಸೂ ಎತ್ತುವುದಿಲ್ಲ ಎಂಬ ಮೊದಲ ಮಾತಿಗೆ ಸಾವಕಾರ ಬಹಳ ಹೊತ್ತು ಗೊಣಗಿದನಂತೆ. ಎತ್ತುವ ಹಮಾಲ ಯಾರೂ ಉಳಿದಿಲ್ಲ, ನಾನೇ ಎತ್ತಲೇನು ಎಂದನಂತೆ. ಅಪ್ಪ, ಮಿಲ್ಲು ನಿಮ್ಮದೇ ರಿ ಎಂದನಂತೆ. ಕೊನೆಗೆ ಸಾವಕಾರ ಕಮ್ಮಾರನಿಂದ ಮಾರುದ್ದದ ಹಿಡಿಕೆಯ ಒಂದು ಕಬ್ಬಿಣದ ಸೌಟು ಮಾಡಿಸಿದ. ಅದನ್ನು ಮುಂದೆ ನಾನು ಕಣ್ಣಾರೆ ನೋಡಿದೆ. ಸಾವಕಾರ ಧೋತರದ ಚುಂಗು ಮೂಗಿಗೆ ಹಿಡಿದು, ಮುಖ ಆ ಕಡೆ ತಿರುಗಿಸಿ, ಆ ಸೌಟಿನಲ್ಲಿ ಹೆಗ್ಗಣ ಎತ್ತಿಕೊಂಡು ತಿಪ್ಪೆಯ ಕಡೆ ನಡೆಯುತ್ತಿದ್ದ. ಅಪ್ಪ ಅವನಿಗೆ ದಾರಿ ಬಿಟ್ಟು, ತಲೆ ತಗ್ಗಿಸಿ, ಬಂದೂಕಿಗೆ ಎಣ್ಣೆ ಹಾಕುತ್ತಿದ್ದ. ಆ ಮನುಷ್ಯನನ್ನು ನೋಡಿ ಅಪ್ಪ ಒಂದು ದಿನವೂ ನಗಲಿಲ್ಲ, ನಗಲು ನನಗೂ ಬಿಡಲಿಲ್ಲ.

ಎರಡನೆಯ ಮಾತು ಆ ಸಣ್ಣ ಚೀಲದ್ದು. ಅಪ್ಪ ಅದನ್ನು ಅವ್ವನ ಮುಂದೆ ಇಟ್ಟ.

"ಇದು ಬ್ಯಾರೆ. ಇಲಿ ಕಡದ ಚೀಲ ಹೊಲದು ಕೊಡ್ತೇನಿ, ಅದಕ್ಕ ಬ್ಯಾರೆ ಕೂಲಿ ಕೊಡ್ರಿ ಅಂತ ಹೇಳೇನಿ. ಇದು ಹೊಲಿಗಿ ಬ್ಯಾಳಿ. ಇದರಾಗ ಗುಂಡಿಂದು ಒಂದು ಕಾಳೂ ಇಲ್ಲ."

ಅವ್ವ ಚೀಲ ಮುಟ್ಟಲಿಲ್ಲ. ಅಪ್ಪನ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಹೆಬ್ಬೆರಳಿಗೆ, ತೋರುಬೆರಳಿಗೆ ದಬ್ಬಣ ಚುಚ್ಚಿದ ಗುರುತುಗಳಿದ್ದವು, ಸುತಳಿ ಎಳೆದ ಗೀರುಗಳಿದ್ದವು. ಹೊಸವು, ಇನ್ನೂ ಕೆಂಪಗೆ. ಆಯಿಯ ಮುಂದೆ ಅವಳು ಹಾಗೆ ಅವನ ಕೈ ಹಿಡಿದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ಎಷ್ಟು ಚೀಲ ಹೊಲದ್ರಿ?"

"ಕೈ ಹೇಳ್ತದಲ್ಲ."

ಅವಳು ಸಾರಿಸಿದ ಒಲೆಯಲ್ಲಿ ಬೆಂಕಿ ಹಚ್ಚಿದಳು. ಬೇಳೆಯನ್ನು ಎರಡು ಗಡಿಗೆಯಲ್ಲಿ ಬೇರೆ ಬೇರೆ ಇಟ್ಟಳು, ದೊಡ್ಡದು ನಮಗೆ, ಸಣ್ಣದು ತನಗೆ. ಅಂದಿನಿಂದ ಬರ ಮುಗಿಯುವವರೆಗೂ ನಮ್ಮ ಒಲೆಯ ಮೇಲೆ ಎರಡು ಗಡಿಗೆ ಇರುತ್ತಿದ್ದವು. ಆಯಿ ಅವಸರದಲ್ಲಿ ಒಮ್ಮೆ ದೊಡ್ಡ ಗಡಿಗೆಯ ಸೌಟನ್ನು ಸಣ್ಣದಕ್ಕೆ ಹಾಕಿದ್ದಕ್ಕೆ ಅವ್ವ ಆ ಹೊತ್ತು ಉಪವಾಸ ಕೂತಳು. ಅಪ್ಪ ಬಂದೂಕು ಬಿಡಲಿಲ್ಲ, ಅವ್ವ ಮಾತು ಬಿಡಲಿಲ್ಲ. ಆ ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ರೈಲು ಹೋಗುವ ಹೊತ್ತಾಗಿತ್ತು. ಅವ್ವ ರೊಟ್ಟಿ ಮುರಿದು ತನ್ನ ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟಳು. ಅಪ್ಪ ಬಹಳ ದಿನಗಳ ಮೇಲೆ ಅವಳ ಗಂಗಾಳದ ಕಡೆ ನೋಡಿದ, ನೋಡುತ್ತಲೇ ಉಂಡ. ಉಂಡಾದ ಮೇಲೆ ಅವಳು ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಗಂಟು ಬಿಚ್ಚಿದಳು. ತನ್ನ ಎರಡು ಸೀರೆಗಳ ನಡುವೆ, ಒಡೆಯದಂತೆ ಮಡಿಕೆಯಲ್ಲಿ ಸುತ್ತಿ ಇಟ್ಟಿದ್ದ ನನ್ನ ಪಾಟಿಯನ್ನು ತೆಗೆದು ನನ್ನ ಕೈಗೆ ಕೊಟ್ಟಳು.